ಕರ್ತೃಪದ ಎಲ್ಲಿ ಹೋಯಿತು?

ನಮ್ಮ ಬರವಣಿಗೆಯ ಕನ್ನಡದಲ್ಲಿ ಈಚೆಗೆ ಯಾರೂ ಏನನ್ನೂ ಮಾಡುವುದಿಲ್ಲ. ಎಲ್ಲವೂ ಮಾಡಲ್ಪಡುತ್ತದೆ, ಇಲ್ಲವಾದರೆ ಮಾಡಲಾಗುತ್ತದೆ. ಸಭೆ ಕರೆಯಲ್ಪಡುತ್ತದೆ, ಭಾಷಣ ಮಾಡಲ್ಪಡುತ್ತದೆ, ಹಾರ ಹಾಕಲಾಗುತ್ತದೆ, ರಸ್ತೆಯನ್ನು ಅಗೆಯಲಾಗುತ್ತದೆ, ಬಡವನ ಅರ್ಜಿಯನ್ನು ತಿರಸ್ಕರಿಸಲಾಗುತ್ತದೆ. ಕರೆದವನು ಯಾರು, ಅಗೆದವನು ಯಾರು, ತಿರಸ್ಕರಿಸಿದವನು ಯಾರು ಎಂದು ಕೇಳಿದರೆ ವಾಕ್ಯ ಬಾಯಿ ಬಿಡುವುದಿಲ್ಲ. ಭಾಷೆಯೊಳಗಿನಿಂದ ಮಾಡುವವರೆಲ್ಲ ಹೀಗೆ ಸದ್ದಿಲ್ಲದೆ ಎದ್ದು ಹೋಗಿ, ಮಾಡಿದ ಕೆಲಸಗಳು ಮಾತ್ರ ಅನಾಥವಾಗಿ ಉಳಿದಿವೆ. ಇದನ್ನು ಕಂಡು ನಮ್ಮ ವಿದ್ಯಾವಂತರಿಗೆ ಆಶ್ಚರ್ಯವಾಗುವುದಿಲ್ಲವಲ್ಲ, ಅದೇ ನನ್ನ ಆಶ್ಚರ್ಯ.

ಇದರ ಮೂಲ ಹುಡುಕುವುದು ಕಷ್ಟವಲ್ಲ. ಇಂಗ್ಲಿಷಿನಲ್ಲಿ ‘ಪ್ಯಾಸಿವ್ ವಾಯ್ಸ್’ ಎಂಬ ಒಂದು ವಾಕ್ಯರಚನೆಯುಂಟು. ಹೈಸ್ಕೂಲು ಮೆಟ್ಟಿಲು ಹತ್ತಿದವರಿಗೆಲ್ಲ ಅದರ ಪರಿಚಯವಿದೆ. ‘ಆ್ಯಕ್ಟಿವ್’ ವಾಕ್ಯವನ್ನು ‘ಪ್ಯಾಸಿವ್’ ಮಾಡಿರಿ ಎಂಬ ಪ್ರಶ್ನೆಗೆ ಉತ್ತರ ಬರೆದು ಅಂಕ ಪಡೆಯದವರು ನಮ್ಮಲ್ಲಿ ಕಡಿಮೆ. ಆ ರಚನೆಯನ್ನು ನಾನು ದೂರುವವನಲ್ಲ. ಅದು ಆ ಭಾಷೆಯ ಅಗತ್ಯದಿಂದ ಹುಟ್ಟಿದ್ದು. ಅದನ್ನು ಹೊತ್ತು ತಂದು ಕನ್ನಡದ ಅಂಗಳದಲ್ಲಿ ಇಳಿಸಿ, ಇದೇ ಶಿಷ್ಟ ಕನ್ನಡ, ಇದೇ ಗಂಭೀರ ಕನ್ನಡ ಎಂದು ನಂಬಿಸಿದವರ ಮೇಲೆ ನನ್ನ ತಕರಾರು.

ಇಂಗ್ಲಿಷಿಗೆ ಅದು ಏಕೆ ಬೇಕಾಯಿತು ಎಂಬುದನ್ನು ಮೊದಲು ನೋಡೋಣ. ಆ ಭಾಷೆಯ ನಾಮಪದಗಳಿಗೆ ನಮ್ಮಂತೆ ವಿಭಕ್ತಿ ಪ್ರತ್ಯಯಗಳಿಲ್ಲ. ರಾಮ, ಕೊಂದ, ರಾವಣ ಎಂಬ ಮೂರು ಪದಗಳನ್ನು ಇಂಗ್ಲಿಷಿನವನು ಇದೇ ಕ್ರಮದಲ್ಲಿ ಇಡಬೇಕು. ರಾವಣನ ಹೆಸರನ್ನು ಎತ್ತಿ ಮುಂದಕ್ಕೆ ಇಟ್ಟನೋ, ರಾವಣನೇ ರಾಮನನ್ನು ಕೊಂದಂತಾಗಿ ರಾಮಾಯಣವೇ ತಲೆಕೆಳಗಾಗುತ್ತದೆ. ಆದರೆ ಮಾತು ರಾವಣನದು, ಅವನಿಂದಲೇ ವಾಕ್ಯ ಆರಂಭವಾಗಬೇಕು ಎಂಬ ಸಂದರ್ಭ ಎಷ್ಟೋ ಸಲ ಬರುತ್ತದೆ. ಆಗ ಅವನು ಕ್ರಿಯಾಪದದ ರೂಪವನ್ನೇ ಬದಲಾಯಿಸುತ್ತಾನೆ. ಪದವನ್ನು ಕದಲಿಸುವ ಸ್ವಾತಂತ್ರ್ಯವಿಲ್ಲದ ಭಾಷೆ ಕ್ರಿಯೆಯನ್ನು ತಿರುಚಿ ತನ್ನ ಕೆಲಸ ಸಾಧಿಸಿಕೊಳ್ಳುತ್ತದೆ. ಅಲ್ಲಿಗೆ ಅದು ಜಾಣತನವೇ ಸರಿ.

ನಮಗೆ ಅಂಥ ಇಕ್ಕಟ್ಟಿಲ್ಲ. ‘ರಾಮ ರಾವಣನನ್ನು ಕೊಂದ’ ಎನ್ನಿ, ‘ರಾವಣನನ್ನು ರಾಮ ಕೊಂದ’ ಎನ್ನಿ, ‘ರಾವಣನನ್ನು ಕೊಂದವನು ರಾಮ’ ಎನ್ನಿ: ಸತ್ತವನು ರಾವಣನೇ. ‘ಅನ್ನು’ ಎಂಬ ಒಂದು ಪ್ರತ್ಯಯ ಅವನ ಹಣೆಬರಹವನ್ನು ಗಟ್ಟಿಮಾಡಿದೆ. ಯಾರನ್ನು ಮುಂದಿಟ್ಟರೆ ಮಾತಿಗೆ ಒತ್ತು ಬರುತ್ತದೋ ಅವರನ್ನು ಮುಂದಿಡುವ ಸ್ವಾತಂತ್ರ್ಯ ನಮಗೆ ಇದ್ದೇ ಇದೆ. ಹೀಗಿರುವಾಗ ‘ರಾವಣನು ರಾಮನಿಂದ ಕೊಲ್ಲಲ್ಪಟ್ಟನು’ ಎಂದು ನಾಲಗೆ ತೊಡರಿಸಿಕೊಳ್ಳುವುದು ಯಾವ ಸುಖಕ್ಕೆ? ಕಾಲು ಗಟ್ಟಿಯಿರುವವನು ನೆರೆಮನೆಯ ಊರುಗೋಲನ್ನು ಎರವಲು ತಂದು ಕುಂಟಿದ ಹಾಗಾಯಿತು.

ಆ ‘ರಾಮನಿಂದ’ ಎಂಬುದನ್ನೂ ಸ್ವಲ್ಪ ಪರೀಕ್ಷಿಸಬೇಕು. ಕನ್ನಡದಲ್ಲಿ ‘ಇಂದ’ ಎಂಬುದು ಸಾಮಾನ್ಯವಾಗಿ ಹೊರಟ ಜಾಗವನ್ನೋ, ಕಾರಣವನ್ನೋ, ಸಾಧನವನ್ನೋ ಹೇಳುತ್ತದೆ. ‘ಮಗನಿಂದ ಕಾಗದ ಬಂತು’, ‘ನಿನ್ನಿಂದ ನನ್ನ ಕೆಲಸ ಕೆಟ್ಟಿತು’, ‘ಕತ್ತಿಯಿಂದ ಕಡಿದ’ — ಇವು ನಮ್ಮ ಮನೆಮಾತುಗಳು. ಕೆಲಸ ಮಾಡಿದವನನ್ನೇ ‘ಇಂದ’ಕ್ಕೆ ಕಟ್ಟಿಹಾಕುವುದು ಆಡುಮಾತಿಗೆ ಹೊರತಾದದ್ದು. ‘ಅಮ್ಮನಿಂದ ದೋಸೆ ಹೊಯ್ಯಲ್ಪಟ್ಟಿತು’ ಎಂದು ಯಾವ ಮಗು ಹೇಳೀತು?

ಕಾರ್ಕಳದ ಬೆಟ್ಟದ ಮೇಲೆ ನಲವತ್ತೆರಡು ಅಡಿಯ ಗೊಮ್ಮಟ ನಿಂತಿದ್ದಾನೆ. ೧೪೩೨ರಲ್ಲಿ ಭೈರರಸರ ವಂಶದ ವೀರಪಾಂಡ್ಯ ಅದನ್ನು ನಿಲ್ಲಿಸಿದ. ಪ್ರವಾಸಿಗರಿಗಾಗಿ ಅಚ್ಚು ಹಾಕಿಸುವ ಕೈಪಿಡಿಗಳ ಶೈಲಿಯಲ್ಲಿ ಇದನ್ನೇ ಬರೆದರೆ, ‘೪೨ ಅಡಿ ಎತ್ತರದ ಈ ಮೂರ್ತಿಯು ವೀರಪಾಂಡ್ಯನಿಂದ ೧೪೩೨ರಲ್ಲಿ ಸ್ಥಾಪಿಸಲ್ಪಟ್ಟಿತು’ ಎಂದಾಗುತ್ತದೆ. ಅರಸ ಬೆಟ್ಟದ ನೆತ್ತಿಗೆ ಕಲ್ಲು ಏರಿಸಿದ ಸಾಹಸವೆಲ್ಲ ಆ ‘ಲ್ಪಟ್ಟಿತು’ ಎಂಬಲ್ಲಿ ಜಾರಿಬಿದ್ದು ಕೆಳಗೆ ಬರುತ್ತದೆ. ‘ವೀರಪಾಂಡ್ಯ ನಿಲ್ಲಿಸಿದ ಗೊಮ್ಮಟ’ ಎಂದರೆ ಮೂರೇ ಪದ. ಅರಸನೂ ಇದ್ದಾನೆ, ಕೆಲಸವೂ ಇದೆ, ಮೂರ್ತಿಯೂ ಇದೆ. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿಯ ಶಾಸನವಾದರೂ ಏನು ಹೇಳುತ್ತದೆ? ಚಾವುಂಡರಾಜ ಇದನ್ನು ಮಾಡಿಸಿದನೆಂದು ಹೇಳುತ್ತದೆ. ಕರ್ತೃ ಪ್ರಥಮಾ ವಿಭಕ್ತಿಯಲ್ಲಿ ನೆಟ್ಟಗೆ ನಿಂತಿದ್ದಾನೆ. ಅಷ್ಟೇ ಅಲ್ಲ, ‘ಮಾಡಿದ’ ಎನ್ನದೆ ‘ಮಾಡಿಸಿದ’ ಎಂದಿರುವುದರಿಂದ ಉಳಿ ಹಿಡಿದ ಕೈ ಬೇರೆ, ಆಜ್ಞೆ ಕೊಟ್ಟ ಬಾಯಿ ಬೇರೆ ಎಂಬ ಪ್ರಾಮಾಣಿಕತೆಯೂ ಅಲ್ಲಿದೆ. ಸಾವಿರ ವರ್ಷದ ಹಿಂದಿನ ಕಲ್ಲಿಗಿದ್ದ ಈ ಪ್ರಾಮಾಣಿಕತೆ ಇಂದಿನ ಉದ್ಘಾಟನೆಯ ಕಲ್ಲುಗಳಿಗೆ ಇಲ್ಲ.

‘ಸರಿ, ಕರ್ತೃ ಗೊತ್ತಿದ್ದಾಗ ಹಾಗೆ ಬರೆಯೋಣ. ಗೊತ್ತಿಲ್ಲದಾಗ, ಇಲ್ಲವೆ ಹೇಳುವ ಅಗತ್ಯವಿಲ್ಲದಾಗ ಏನು ಮಾಡುವುದು?’ ಎಂದು ನನ್ನ ವಿದ್ವನ್ಮಿತ್ರರು ಕೇಳುತ್ತಾರೆ. ಕಾಪುವಿನ ಕಡಲತಡಿಗೆ ಹೋಗಿ ಬಂಡೆಯ ಮೇಲಿನ ದೀಪಸ್ತಂಭವನ್ನು ನೋಡಿಕೊಂಡು ಬನ್ನಿ ಎಂದು ಅವರಿಗೆ ನನ್ನ ಉತ್ತರ. ಅದು ೧೯೦೧ರಲ್ಲಿ ಕಟ್ಟಿದ್ದು. ನೋಡಿದಿರಾ? ‘ಕಟ್ಟಿದ್ದು’ ಎಂದೆ, ಮಾತು ಮುಗಿಯಿತು. ಯಾರು ಕಟ್ಟಿದರು ಎಂಬುದು ಇಲ್ಲಿ ಬೇಕಿಲ್ಲ. ಕನ್ನಡ ಅದನ್ನು ಕೇಳಲೂ ಇಲ್ಲ, ಮುಚ್ಚಿಡಲೂ ಇಲ್ಲ. ನಮ್ಮ ಕೃದಂತಗಳಿಗೆ ಈ ಶಕ್ತಿ ಸ್ವಭಾವದಿಂದಲೇ ಇದೆ. ಬರೆದ ಪುಸ್ತಕ, ಕಟ್ಟಿದ ಮನೆ, ತುರಿದ ತೆಂಗಿನಕಾಯಿ, ಹುರಿದ ಮೀನು — ಇವುಗಳಲ್ಲಿ ಯಾವುದಕ್ಕೂ ‘ಅಲ್ಪಡು’ವಿನ ಹಂಗಿಲ್ಲ. ಮಲ್ಪೆಯ ಊಟದ ಹೋಟೆಲಿನಲ್ಲಿ ಕುಳಿತು ‘ಹುರಿಯಲ್ಪಟ್ಟ ಬಂಗುಡೆ ಒಂದು ಕೊಡಿ’ ಎಂದು ಕೇಳಿ ನೋಡಿ. ಬಡಿಸುವ ಹುಡುಗ ಒಳಗೆ ಹೋಗಿ ಇನ್ನಿಬ್ಬರನ್ನು ಕರೆದುಕೊಂಡು ಬಂದು ನಿಮ್ಮ ಮುಖ ತೋರಿಸದಿದ್ದರೆ ಹೇಳಿ.

ಇನ್ನೂ ದಾರಿಗಳಿವೆ. ‘ಉಡುಪಿಯು ದೇವಾಲಯಗಳ ನಗರವೆಂದು ಕರೆಯಲ್ಪಡುತ್ತದೆ’ ಎಂದು ಬರೆಯುವವರಿಗೆ ‘ಎನ್ನುತ್ತಾರೆ’ ಎಂಬ ಕ್ರಿಯಾಪದ ಏನು ಅಪರಾಧ ಮಾಡಿದೆ? ಬಹುವಚನದ ಆ ‘ಆರೆ’ಯಲ್ಲಿ ಜನರೆಲ್ಲರೂ ಬಂದರು. ‘ಪರ್ಯಾಯೋತ್ಸವವು ಎರಡು ವರ್ಷಗಳಿಗೊಮ್ಮೆ ಆಚರಿಸಲ್ಪಡುತ್ತದೆ’ ಎಂಬುದಕ್ಕೆ ‘ನಡೆಯುತ್ತದೆ’ ಸಾಕು. ‘ಕೊಠಡಿಗಳನ್ನು ಬಾಡಿಗೆಗೆ ನೀಡಲಾಗುವುದು’ ಎಂದು ಫಲಕ ಬರೆಸುವ ಮಹನೀಯರು ತಮ್ಮ ಅಜ್ಜನನ್ನು ಕೇಳಿದ್ದರೆ ‘ರೂಮು ಬಾಡಿಗೆಗೆ ಉಂಟು’ ಎಂದು ಹೇಳಿಕೊಡುತ್ತಿದ್ದರು. ಅಕ್ಷರವೂ ಉಳಿಯುತ್ತಿತ್ತು, ಬಣ್ಣದ ಖರ್ಚೂ ಉಳಿಯುತ್ತಿತ್ತು. ಆಯಿತು, ಹೋಯಿತು, ಸಿಕ್ಕಿತು, ಮುಗಿಯಿತು, ಒಡೆಯಿತು, ಉಂಟು — ಮಾಡಿದವನನ್ನು ಬಿಟ್ಟು ಹೇಳುವ ಸಾಧನಗಳು ನಮ್ಮ ಮನೆಯಲ್ಲೇ ಇಷ್ಟಿರುವಾಗ ಕೊರತೆಯ ಮಾತೇ ಇಲ್ಲ.

ಇಲ್ಲಿ ಪಂಡಿತರು ಎದ್ದು ನಿಂತು ಒಂದು ಆಕ್ಷೇಪ ಎತ್ತುತ್ತಾರೆ. ಕರ್ಮಣಿ ಪ್ರಯೋಗ ಇಂಗ್ಲಿಷಿನವರು ತಂದದ್ದಲ್ಲ, ಸಂಸ್ಕೃತದಲ್ಲಿ ಅದು ಮೊದಲೇ ಇತ್ತು, ಹಳಗನ್ನಡದಲ್ಲೂ ‘ಪಡು’ ಸೇರಿದ ರೂಪಗಳು ಸಿಗುತ್ತವೆ, ಆದುದರಿಂದ ಇಂಗ್ಲಿಷಿನ ಮೇಲೆ ಗೂಬೆ ಕೂರಿಸುವುದು ತಪ್ಪು ಎಂಬುದು ಅವರ ವಾದ. ಆಕ್ಷೇಪದಲ್ಲಿ ಸತ್ಯವಿದೆ. ಇಂಗ್ಲಿಷರ ಹಡಗು ನಮ್ಮ ಕರಾವಳಿ ಮುಟ್ಟುವ ಮೊದಲೇ ಆ ರೂಪ ಇತ್ತು. ಸಂಸ್ಕೃತದ ನೆರಳಿನಲ್ಲಿ ಬರೆದವರು ಅದನ್ನು ಅಲ್ಲಲ್ಲಿ ಬಳಸಿದರು. ಆದರೆ ಅಲ್ಲಲ್ಲಿ ಬಳಸುವುದಕ್ಕೂ ಅಡಿಗಡಿಗೆ ಬಳಸುವುದಕ್ಕೂ ವ್ಯತ್ಯಾಸವಿಲ್ಲವೆ? ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ೧೮೫೬ರಲ್ಲಿ ಪ್ರಕಟಿಸಿದ ಬಿಷಪ್ ಕಾಲ್ಡ್‌ವೆಲ್ ಈ ಭಾಷೆಗಳಿಗೆ ನಿಜವಾದ ಕರ್ಮಣಿ ಪ್ರಯೋಗವೇ ಇಲ್ಲವೆಂದು ಗುರುತಿಸಿದ. ಇಂಗ್ಲಿಷ್ ಬಲ್ಲ ಪಾದ್ರಿಗೆ ಕಂಡದ್ದು ಕನ್ನಡ ಬಲ್ಲ ನಮಗೆ ಕಾಣಲಿಲ್ಲ. ನಮ್ಮವರೇ ಆದ ಭಾಷಾಶಾಸ್ತ್ರಜ್ಞ ಡಿ. ಎನ್. ಶಂಕರ ಭಟ್ಟರು ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಪುಸ್ತಕವನ್ನೇ ಬರೆದರು. ಅವರ ಎಲ್ಲ ಮಾತುಗಳನ್ನೂ ಒಪ್ಪದವರು ಕೂಡ ಈ ಒಂದು ಬೇಡಿಕೆಯ ನ್ಯಾಯವನ್ನು ಅಲ್ಲಗಳೆಯುವುದು ಕಷ್ಟ.

‘ಪಡು’ ಎಂಬ ಧಾತು ಕನ್ನಡದ್ದೇ, ಒಳ್ಳೆಯ ಧಾತುವೇ. ಕಷ್ಟಪಡು, ದುಃಖಪಡು, ಭಯಪಡು, ನಾಚಿಕೆಪಡು, ಸಂತೋಷಪಡು. ಮನುಷ್ಯ ತನ್ನ ಒಳಗೆ ಅನುಭವಿಸುವ ಸ್ಥಿತಿಗಳೆಲ್ಲ ಅದರ ಆಶ್ರಯದಲ್ಲಿವೆ. ಅದನ್ನು ಅದರ ಮನೆಯಿಂದ ಎಳೆದು ತಂದು ರಸ್ತೆ, ಸೇತುವೆ, ಸುತ್ತೋಲೆ, ಮಸೂದೆಗಳಿಗೆಲ್ಲ ಕಟ್ಟಿ ದುಡಿಸಿದ್ದೇ ಅನ್ಯಾಯ. ಸೇತುವೆ ಏನನ್ನೂ ‘ಪಡು’ವುದಿಲ್ಲ; ಪಡುವುದಿದ್ದರೆ ಅದರ ಮೇಲೆ ನಡೆಯುವವರ ಪಾಡು.

ಆದರೆ ಓದುಗರು ಗಮನಿಸಿರಬಹುದು, ‘ಅಲ್ಪಟ್ಟಿತು’ ಈಗ ಸ್ವಲ್ಪ ಹಿಂದೆ ಸರಿಯುತ್ತಿದೆ. ಅದನ್ನು ಉಚ್ಚರಿಸುವುದೇ ಪ್ರಯಾಸವಾದ್ದರಿಂದ ಬರೆಯುವವರಿಗೂ ಬೇಸರ ಬಂದಿದೆ. ಅದರ ಜಾಗಕ್ಕೆ ಅದರ ತಮ್ಮನೊಬ್ಬ ಬಂದು ಕುಳಿತಿದ್ದಾನೆ. ಅವನೇ ‘ಲಾಗಿದೆ’. ನಿಷೇಧಿಸಲಾಗಿದೆ, ಸೂಚಿಸಲಾಗಿದೆ, ಪರಿಶೀಲಿಸಲಾಗಿದೆ, ಆದೇಶಿಸಲಾಗಿದೆ. ಅಣ್ಣ ಒರಟ, ನೋಡಿದ ಕೂಡಲೇ ಪರದೇಶಿಯೆಂದು ಗೊತ್ತಾಗುತ್ತಿತ್ತು. ತಮ್ಮ ನಯವಂತ, ಕನ್ನಡದವನಂತೆಯೇ ಕಾಣುತ್ತಾನೆ. ಹಾಗಾಗಿ ಇವನು ಹೆಚ್ಚು ಅಪಾಯದವನು ಎಂಬುದು ನನ್ನ ವಾದ.

ವ್ಯಾಕರಣದ ಕಣ್ಣಿನಿಂದಲೇ ನೋಡಿ. ಇಂಗ್ಲಿಷಿನ ರಚನೆಯಲ್ಲಿ ಕರ್ಮಪದ ಮುಂದೆ ಬಂದು ಕರ್ತೃವಿನ ಪೀಠದಲ್ಲಿ ಕೂರುತ್ತದೆ. ‘ಅರ್ಜಿ ತಿರಸ್ಕರಿಸಲ್ಪಟ್ಟಿತು’ ಎಂಬಲ್ಲೂ ಅರ್ಜಿ ಪ್ರಥಮಾ ವಿಭಕ್ತಿಯಲ್ಲಿ ಬಂದು ಪೀಠವನ್ನು ತುಂಬುತ್ತದೆ. ‘ಅರ್ಜಿಯನ್ನು ತಿರಸ್ಕರಿಸಲಾಗಿದೆ’ ಎಂಬಲ್ಲಿ ಏನಾಯಿತು? ಅರ್ಜಿ ‘ಅನ್ನು’ ಹಚ್ಚಿಕೊಂಡು ದ್ವಿತೀಯೆಯಲ್ಲೇ ಉಳಿಯಿತು. ಪ್ರಥಮೆಯಲ್ಲಿ ಯಾರೂ ಇಲ್ಲ. ಪೀಠ ಖಾಲಿ, ದರ್ಬಾರು ಮಾತ್ರ ನಡೆಯುತ್ತಿದೆ! ಇಂಗ್ಲಿಷಿನವನು ಬೇಕಾದರೆ ವಾಕ್ಯದ ಕೊನೆಯಲ್ಲಾದರೂ ಮಾಡಿದವನ ಹೆಸರು ಸೇರಿಸುತ್ತಾನೆ. ನಮ್ಮ ‘ಲಾಗಿದೆ’ಯ ವಾಕ್ಯದಲ್ಲಿ ಹೆಸರು ಸೇರಿಸಲು ಹೋದರೆ ಅದು ಇನ್ನಷ್ಟು ವಿಕಾರವಾಗುತ್ತದೆ, ಆದುದರಿಂದ ಯಾರೂ ಸೇರಿಸುವುದಿಲ್ಲ. ಹೆಸರು ಮರೆಸುವ ವಿದ್ಯೆಯಲ್ಲಿ ನಾವು ಗುರುವನ್ನು ಮೀರಿಸಿದ ಶಿಷ್ಯರಾಗಿದ್ದೇವೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ‘ಲಾಗು’ ಎಂಬುದಕ್ಕೆ ಕನ್ನಡದಲ್ಲಿ ಮೊದಲಿನಿಂದ ಇರುವ ಅರ್ಥ ಶಕ್ತಿಯದು, ಸಾಧ್ಯತೆಯದು. ‘ಆ ನೋವನ್ನು ಹೇಳಲಾಗದು’ ಎಂದರೆ ಹೇಳುವುದು ಅಸಾಧ್ಯವೆಂದು ಅರ್ಥ. ‘ನಿನ್ನೆ ಬರಲಾಗಲಿಲ್ಲ’ ಎಂದರೆ ಬರುವುದಕ್ಕೆ ಸಾಧ್ಯವಾಗಲಿಲ್ಲವೆಂದು ಅರ್ಥ. ಈಗ ಒಂದು ವರದಿಯಲ್ಲಿ ‘ಈ ವರ್ಷ ತೋಡಿನ ಹೂಳನ್ನು ಎತ್ತಲಾಗಲಿಲ್ಲ’ ಎಂದು ಬರೆದಿದೆ ಎಂದುಕೊಳ್ಳಿ. ಎತ್ತಲು ಸಾಧ್ಯವಾಗಲಿಲ್ಲವೋ, ಅಥವಾ ಎತ್ತಲೇ ಇಲ್ಲವೋ? ಮಳೆ ಬೇಗ ಬಂದದ್ದು ಕಾರಣವೋ, ಗುತ್ತಿಗೆದಾರ ಬಾರದೆ ಇದ್ದದ್ದು ಕಾರಣವೋ? ಒಂದೇ ವಾಕ್ಯ ಎರಡು ಕಡೆಗೂ ಸಾಕ್ಷಿ ಹೇಳುತ್ತದೆ. ಮಾಡದೆ ಬಿಟ್ಟ ಸೋಮಾರಿತನಕ್ಕೆ ಮಾಡಲು ಆಗದ ಅಸಹಾಯಕತೆಯ ಬಟ್ಟೆ ತೊಡಿಸುವ ವಾಕ್ಯವಿದು. ನಮ್ಮ ಕರಾವಳಿಯ ಆಡುಮಾತಿನಲ್ಲಿ ಈ ಮೋಸ ನಡೆಯುವುದಿಲ್ಲ. ‘ಮಾಡ್ಲಿಕ್ಕೆ ಆಗ್ಲಿಲ್ಲ’ ಎಂದರೆ ಒಂದು, ‘ಮಾಡ್ಲಿಲ್ಲ’ ಎಂದರೆ ಇನ್ನೊಂದು. ಅಕ್ಷರ ಬಾರದ ಕೂಲಿಯಾಳು ಉಳಿಸಿಕೊಂಡ ಈ ವಿವೇಕವನ್ನು ಪದವೀಧರರು ಕಳೆದುಕೊಂಡಿದ್ದಾರೆ.

ಇದೆಲ್ಲ ಕೂದಲು ಸೀಳುವ ವ್ಯಾಕರಣ, ಕಾಲೇಜು ಮೇಷ್ಟರಿಗೆ ಬೇರೆ ಕೆಲಸವಿಲ್ಲ ಎನ್ನುವವರು ಒಂದು ಪ್ರಸಂಗವನ್ನು ಕೇಳಬೇಕು. ಕಾಪುವಿನ ಕಡೆಯ ಒಬ್ಬ ಮುದುಕಿ ಒಂದು ಕಚೇರಿಯಿಂದ ಬಂದ ಕಾಗದವನ್ನು ಓದಿಸಿಕೊಳ್ಳಲು ನನ್ನಲ್ಲಿಗೆ ಬಂದರು. ಗಂಡ ಸತ್ತ ಮೇಲೆ ಬರಬೇಕಾದ ಪಿಂಚಣಿಗೆ ಅರ್ಜಿ ಹಾಕಿದ್ದರು. ಕಾಗದದಲ್ಲಿ ಮೂರು ವಾಕ್ಯಗಳಿದ್ದುವು. ಅರ್ಜಿಯನ್ನು ಪರಿಶೀಲಿಸಲಾಗಿದೆ, ಸೂಕ್ತ ದಾಖಲೆಗಳನ್ನು ಒದಗಿಸಲಾಗಿಲ್ಲವೆಂದು ಕಂಡುಕೊಳ್ಳಲಾಗಿದೆ, ಆದುದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ. ನಾನು ತುಳುವಿನಲ್ಲಿ ವಿವರಿಸಿದೆ. ಆಕೆ ಕೇಳಿದ್ದು ಒಂದೇ ಪ್ರಶ್ನೆ: ‘ಏರ್ ಮಲ್ತಿನಿ ಮಾಸ್ಟ್ರೆ?’ — ಯಾರು ಮಾಡಿದ್ದು? ಕೆಳಗಿನ ಸಹಿ ಅಂಕುಡೊಂಕಿನ ಒಂದು ಗೀಟು. ‘ಯಾವ ದಾಖಲೆ?’ ಎಂಬುದಕ್ಕೂ ಕಾಗದದಲ್ಲಿ ಉತ್ತರವಿಲ್ಲ. ‘ಒದಗಿಸಲಾಗಿಲ್ಲ’ ಎಂದರೆ ಆಕೆ ಕೊಡಲಿಲ್ಲವೋ, ಕೊಟ್ಟದ್ದನ್ನು ಕಚೇರಿಯವರೇ ಫೈಲಿಗೆ ಸೇರಿಸಲಿಲ್ಲವೋ, ಅದೂ ಸ್ಪಷ್ಟವಿಲ್ಲ. ಯಾರ ಮೇಜಿನ ಮುಂದೆ ಹೋಗಿ ನಿಲ್ಲಬೇಕು ಎಂದು ತಿಳಿಯುವುದಕ್ಕಾಗಿ ಆಕೆ ಎರಡು ಬಸ್ಸು ಬದಲಾಯಿಸಿ ಮೂರು ಸಲ ಓಡಾಡಿದರು. ಆ ಮೂರೂ ಪ್ರಯಾಣದ ಟಿಕೆಟಿನ ಹಣವನ್ನು ನಾನು ಈ ಕ್ರಿಯಾಪದದ ಲೆಕ್ಕಕ್ಕೆ ಬರೆಯುತ್ತೇನೆ.

‘ತಾವು ಮರಣ ಪ್ರಮಾಣಪತ್ರವನ್ನು ಲಗತ್ತಿಸಿಲ್ಲ. ಆದುದರಿಂದ ನಾನು ಅರ್ಜಿಯನ್ನು ಒಪ್ಪಿಲ್ಲ. ಪತ್ರ ತಂದರೆ ಮತ್ತೆ ನೋಡುತ್ತೇನೆ’ ಎಂದು ಬರೆದಿದ್ದರೆ ಏನಾಗುತ್ತಿತ್ತು? ಮುದುಕಿಗೆ ಕೆಲಸ ತಿಳಿಯುತ್ತಿತ್ತು. ಬರೆದವನಿಗೆ ಹೊಣೆ ಅಂಟುತ್ತಿತ್ತು. ಎರಡನೆಯದನ್ನು ತಪ್ಪಿಸುವುದಕ್ಕಾಗಿಯೇ ಮೊದಲನೆಯದು ತಪ್ಪಿಹೋಯಿತು. ನನಗೆ ಸಿಟ್ಟು ಬರುವುದು ಇಲ್ಲಿ. ಹೊಗಳಿಕೆಯ ಸಂದರ್ಭದಲ್ಲಿ ಕರ್ತೃವಿಗೆ ಯಾವ ಸಂಕೋಚವೂ ಇಲ್ಲ. ‘ಮಾನ್ಯರ ಅಮೃತಹಸ್ತದಿಂದ’ ಎಂದು ಕಲ್ಲಿನಲ್ಲಿ ಕೆತ್ತಿಸಿಕೊಂಡು ನಿಲ್ಲುತ್ತಾನೆ. ಕಟ್ಟಡ ಸೋರತೊಡಗಿದಾಗ ಮಾತ್ರ ‘ಕಳಪೆ ಸಾಮಗ್ರಿಯನ್ನು ಬಳಸಲಾಗಿದೆ’. ಬಳಸಿದವನಿಗೆ ಹೆಸರಿಲ್ಲ, ಊರಿಲ್ಲ, ಕೈಯಿಲ್ಲ.

ಈ ರೋಗ ಕಚೇರಿಗೆ ಹೇಗೆ ಹತ್ತಿತು? ನಮ್ಮ ಜಿಲ್ಲೆ ೧೭೯೯ರಿಂದ ೧೯೫೬ರ ತನಕ ಮದರಾಸಿನ ಆಡಳಿತದಲ್ಲಿತ್ತು. ಮೇಲಿನ ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ. ದೊರೆಗಳ ಆಡಳಿತಕ್ಕೆ ‘ಈ ಮೂಲಕ ಆದೇಶಿಸಲ್ಪಟ್ಟಿದೆ’ ಎಂಬ ವಾಕ್ಯ ಬಹಳ ಅನುಕೂಲ. ಆಳುವವನು ಕಾಣಬಾರದು, ಆಜ್ಞೆ ಮಾತ್ರ ಆಕಾಶವಾಣಿಯಂತೆ ಕೇಳಬೇಕು. ಕನ್ನಡ ನಾಡು ಒಂದಾದ ಮೇಲೆ ೧೯೬೩ರ ಕಾಯಿದೆ ಕನ್ನಡವನ್ನು ಆಡಳಿತ ಭಾಷೆಯ ಪೀಠಕ್ಕೆ ಏರಿಸಿತು. ನಾವೆಲ್ಲ ಹಿಗ್ಗಿದೆವು. ಆದರೆ ಕಚೇರಿಯ ಕನ್ನಡ ಜನರ ಬಾಯಿಂದ ಬರಲಿಲ್ಲ. ಹಳೆಯ ಇಂಗ್ಲಿಷ್ ನಮೂನೆಗಳ ತರ್ಜುಮೆಯಿಂದ ಬಂತು. ಪದಗಳು ಕನ್ನಡವಾದುವು, ದೊರೆಯ ಬೆನ್ನು ಮಾತ್ರ ನಮ್ಮ ಕಡೆಗೇ ಉಳಿಯಿತು. ಪ್ರಜೆಗಳ ರಾಜ್ಯದಲ್ಲಿ ಪ್ರಜೆಯೊಡನೆ ಮಾತಾಡುವ ಅಧಿಕಾರಿ ‘ನಾನು’ ಎನ್ನಲು ಅಂಜುವುದೇಕೆ, ‘ನೀವು’ ಎನ್ನಲು ನಾಚುವುದೇಕೆ? ೨೦೦೫ರ ಮಾಹಿತಿ ಹಕ್ಕು ಕಾಯಿದೆಯ ಪ್ರಕಾರ ಮಾಹಿತಿ ಕೊಡಲು ನಿರಾಕರಿಸುವ ಅಧಿಕಾರಿ ಕಾರಣವನ್ನೂ, ಯಾರಲ್ಲಿ ಮೇಲ್ಮನವಿ ಸಲ್ಲಿಸಬೇಕೆಂಬುದನ್ನೂ ತಿಳಿಸಲೇಬೇಕು. ಕಾಯಿದೆ ಬಾಗಿಲು ತೆರೆಯಲು ಹೇಳುತ್ತದೆ. ವಾಕ್ಯ ಒಳಗಿನಿಂದ ಅಗುಳಿ ಹಾಕುತ್ತದೆ.

ಪತ್ರಿಕೆಗಳ ಮಿತ್ರರನ್ನೂ ಇಲ್ಲಿ ಬಿಡುವಂತಿಲ್ಲ. ಅವರ ಪುಟದಲ್ಲೇ ಕುಳಿತು ಅವರನ್ನು ಆಡಿಕೊಳ್ಳುವ ಸಲಿಗೆಯನ್ನು ಸಂಪಾದಕರು ಕ್ಷಮಿಸಬೇಕು. ‘ಎನ್ನಲಾಗಿದೆ’ ಎಂಬ ಒಂದು ಪದ ನಮ್ಮ ವರದಿಗಳ ಬಾಲಕ್ಕೆ ಅಂಟಿಕೊಂಡಿದೆ. ವೈಯಕ್ತಿಕ ದ್ವೇಷವೇ ಕಾರಣ ಎನ್ನಲಾಗಿದೆ. ಹಣಕಾಸಿನ ಅವ್ಯವಹಾರ ನಡೆದಿದೆ ಎನ್ನಲಾಗಿದೆ. ಎಂದವರು ಯಾರು? ಪೊಲೀಸರೋ, ನೆರೆಯವರೋ, ಚಹದಂಗಡಿಯ ಬೆಂಚೋ? ‘ಕಾನೂನಿನ ತೊಡಕು ಬಾರದಿರಲಿ ಎಂದು ಹಾಗೆ ಬರೆಯುತ್ತೇವೆ’ ಎಂದು ವರದಿಗಾರರು ಹೇಳುತ್ತಾರೆ. ‘ದೂರಿನಲ್ಲಿ ಹೀಗಿದೆ’, ‘ಪೊಲೀಸರು ಹೀಗೆ ಹೇಳುತ್ತಾರೆ’ ಎಂದು ಬರೆದರೆ ಎಚ್ಚರಿಕೆಯೂ ಉಳಿಯುತ್ತದೆ, ಓದುಗನಿಗೆ ಮಾತಿನ ತೂಕವೂ ತಿಳಿಯುತ್ತದೆ. ಬಾಯಿಲ್ಲದ ಮಾತಿಗೆ ಕನ್ನಡದಲ್ಲಿ ಗಾಳಿಸುದ್ದಿ ಎಂಬ ಹೆಸರು ಮೊದಲೇ ಉಂಟು. ‘ಎನ್ನಲಾಗಿದೆ’ ಎಂಬುದು ಗಾಳಿಸುದ್ದಿಗೆ ತೊಡಿಸಿದ ಕೋಟು.

ವಿಜ್ಞಾನದ ಮಿತ್ರರ ಆಕ್ಷೇಪ ಬೇರೆ ರೀತಿಯದು. ಮಣಿಪಾಲದಂಥ ಊರಿನಲ್ಲಿ, ೧೯೫೩ರಲ್ಲಿ ಡಾ. ಟಿ. ಎಂ. ಎ. ಪೈಯವರು ವೈದ್ಯಕೀಯ ಕಾಲೇಜು ತೆರೆದಂದಿನಿಂದ ಪ್ರಯೋಗ, ಪ್ರಬಂಧ, ವರದಿಗಳೇ ಉಸಿರಾಗಿರುವ ಊರಿನಲ್ಲಿ, ‘ನಾನು’ ಎಂಬುದು ಶಾಸ್ತ್ರಕ್ಕೆ ಸಲ್ಲದು, ಕೆಲಸವೇ ಮುಖ್ಯ, ಮಾಡಿದವನು ಗೌಣ ಎಂದು ಅವರು ಹೇಳುತ್ತಾರೆ. ಮಾತು ಒಪ್ಪತಕ್ಕದ್ದೇ. ಆದರೆ ‘ರಕ್ತದ ಮಾದರಿಯನ್ನು ಸಂಗ್ರಹಿಸಲಾಯಿತು, ಪರೀಕ್ಷೆಗೆ ಒಳಪಡಿಸಲಾಯಿತು’ ಎಂಬುದಕ್ಕೆ ‘ರಕ್ತ ತೆಗೆದು ಪರೀಕ್ಷಿಸಿದೆವು’ ಎಂದರೆ ಶಾಸ್ತ್ರಕ್ಕೆ ಎಲ್ಲಿ ಭಂಗ ಬಂತು? ಇಂಗ್ಲಿಷಿನ ವಿಜ್ಞಾನ ಪತ್ರಿಕೆಗಳಲ್ಲೇ ‘ನಾವು’ ಎಂದು ಬರೆಯುವ ಲೇಖಕರು ಇಂದು ಬೇಕಾದಷ್ಟಿದ್ದಾರೆ. ರೋಗಿಯ ಕೈಗೆ ಕೊಡುವ ಚೀಟಿಯಲ್ಲಂತೂ ‘ಈ ಮಾತ್ರೆಯನ್ನು ಊಟದ ನಂತರ ಸೇವಿಸಲ್ಪಡತಕ್ಕದ್ದು’ ಎಂಬುದಕ್ಕಿಂತ ‘ಊಟ ಮಾಡಿದ ಮೇಲೆ ನುಂಗಿ’ ಎಂಬುದು ಬೇಗ ಗುಣ ಕೊಡುತ್ತದೆ.

ಈ ರಚನೆಯ ತವರಿನಲ್ಲೇ ಅದರ ಮೇಲೆ ಸಂಶಯವಿದೆ ಎಂಬುದನ್ನು ಇಂಗ್ಲಿಷ್ ಮೋಹಿಗಳಿಗೆ ನೆನಪಿಸಬೇಕು. ಜಾರ್ಜ್ ಆರ್ವೆಲ್ ೧೯೪೬ರಲ್ಲಿ, ರಾಜಕಾರಣ ಇಂಗ್ಲಿಷನ್ನು ಕೆಡಿಸಿದ ಬಗೆಯನ್ನು ಕುರಿತು ಬರೆದ ಪ್ರಬಂಧದಲ್ಲಿ, ಕರ್ತರಿ ಪ್ರಯೋಗ ಸಾಧ್ಯವಿರುವಲ್ಲಿ ಕರ್ಮಣಿಯನ್ನು ಬಳಸಲೇಬೇಡಿ ಎಂದು ನಿಯಮವನ್ನೇ ವಿಧಿಸಿದ. ಇರಾನಿಗೆ ಗುಟ್ಟಾಗಿ ಶಸ್ತ್ರ ಮಾರಿದ ಹಗರಣ ಬಯಲಾದಾಗ ೧೯೮೭ರಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ತಮ್ಮ ವಾರ್ಷಿಕ ಭಾಷಣದಲ್ಲಿ ಗಂಭೀರ ತಪ್ಪುಗಳು ಮಾಡಲ್ಪಟ್ಟುವು ಎಂಬ ಧಾಟಿಯಲ್ಲಿ ಮಾತಾಡಿದರು. ಮಾಡಿದವರು ಯಾರೆಂಬುದು ಆ ವಾಕ್ಯದಲ್ಲಿ ಇರಲಿಲ್ಲ. ಆ ಬಗೆಯ ವಾಕ್ಯ ಅಲ್ಲಿ ಇಂದು ನಗೆಪಾಟಲು. ಅವರು ನಗುವ ವಸ್ತುವನ್ನು ನಾವು ನಡುಬಗ್ಗಿಸಿ ಪಾಠ ಮಾಡುತ್ತಿದ್ದೇವೆ.

ಪಾಠದ ಮಾತು ಬಂತು. ಎರಡು ದಶಕಗಳಿಂದ ಕನ್ನಡ ಪಾಠ ಹೇಳುತ್ತಿರುವ ನನಗೆ ಅತ್ಯಂತ ಕಳವಳ ತರುವುದು ತರಗತಿಯೇ. ಉಡುಪಿ, ಕಾಪು, ಕಾರ್ಕಳಗಳಿಂದ ಬರುವ ನಮ್ಮ ಮಕ್ಕಳಲ್ಲಿ ಹೆಚ್ಚಿನವರ ಮನೆಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಕನ್ನಡ ಅವರಿಗೆ ಶಾಲೆಯಲ್ಲಿ ಸಿಗುವ ಭಾಷೆ, ಪುಸ್ತಕದಿಂದ ಸಿಗುವ ಭಾಷೆ. ನಮ್ಮ ಕಡೆಯವರ ಕನ್ನಡ ಗ್ರಂಥಸ್ಥ ಎಂದು ಘಟ್ಟದ ಮೇಲಿನವರು ಹಾಸ್ಯ ಮಾಡುವುದುಂಟು. ಅದು ನಮ್ಮ ಬಲವೂ ಹೌದು. ಆದರೆ ಪುಸ್ತಕದಿಂದ ಕಲಿಯುವವನಿಗೆ ಪುಸ್ತಕವೇ ಕೆಟ್ಟ ಕನ್ನಡ ಕೊಟ್ಟರೆ ತಿದ್ದಲು ಮನೆಯಲ್ಲಿ ಅಜ್ಜಿಯ ಕನ್ನಡವಿಲ್ಲ. ಇಂಥ ಮಗುವಿನ ಮುಂದೆ ‘ಕರ್ತರಿಯನ್ನು ಕರ್ಮಣಿಗೆ ಪರಿವರ್ತಿಸಿ’ ಎಂಬ ಪ್ರಶ್ನೆ ಇಡುತ್ತೇವೆ. ‘ಹುಡುಗ ಚೆಂಡು ಎಸೆದ’ ಎಂಬ ಆರೋಗ್ಯವಂತ ವಾಕ್ಯವನ್ನು ‘ಹುಡುಗನಿಂದ ಚೆಂಡು ಎಸೆಯಲ್ಪಟ್ಟಿತು’ ಎಂದು ರೋಗಿಯಾಗಿಸಿದವನಿಗೆ ಅಂಕ. ಹಾಗೆಯೇ ಬಿಟ್ಟವನಿಗೆ ಸೊನ್ನೆ. ಹತ್ತು ವರ್ಷ ಈ ಶಿಕ್ಷಣ ಪಡೆದು ಅವನು ಗುಮಾಸ್ತನಾದಾಗ ಬೇರೆ ಯಾವ ಕನ್ನಡ ಬರೆದಾನು?

ಆದರೆ ಅದೇ ಮಕ್ಕಳನ್ನು ರಾತ್ರಿಯ ತಾಳಮದ್ದಲೆಗೆ ಕಳುಹಿಸಿ. ಅವರ ಹಾಗೆಯೇ ತುಳುವನ್ನು ಮನೆಯಲ್ಲಿ ಆಡುವ ಅರ್ಥಧಾರಿಗಳು ಅಲ್ಲಿ ಕುಳಿತಲ್ಲೇ ಕನ್ನಡವನ್ನು ಕಟ್ಟುತ್ತಾರೆ. ಕರ್ಣ ಶಲ್ಯನನ್ನು ಕೆಣಕುವಾಗ, ವಾಲಿ ರಾಮನನ್ನು ಪ್ರಶ್ನಿಸುವಾಗ ‘ಬಾಣ ಬಿಡಲಾಗಿದೆ’ ಎಂದದ್ದನ್ನು ನಾನು ಈತನಕ ಕೇಳಿಲ್ಲ. ‘ಮರೆಯಲ್ಲಿ ನಿಂತು ಬಾಣ ಬಿಟ್ಟವನು ನೀನು’ ಎಂದೇ ವಾಲಿ ಬೆರಳು ತೋರಿಸುತ್ತಾನೆ. ವಾದದ ಜೀವ ಇರುವುದೇ ಆ ‘ನೀನು’ವಿನಲ್ಲಿ. ‘ಬಿಡಲಾಗಿದೆ’ ಎಂದಿದ್ದರೆ ರಾಮನಿಗೆ ಉತ್ತರ ಕೊಡುವ ಹೊಣೆಯೇ ಇರುತ್ತಿರಲಿಲ್ಲ; ಪ್ರಸಂಗ ಅಲ್ಲಿಗೇ ಮಂಗಳ ಹಾಡುತ್ತಿತ್ತು. ಕನ್ನಡ ಮನೆಮಾತಲ್ಲದ ಜನ ಕನ್ನಡವನ್ನು ಇಷ್ಟು ನೇರವಾಗಿ ಆಡಬಲ್ಲರು ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಕಟ್ಟಕಡೆಗೆ ‘ಭಾಷೆ ಹರಿಯುವ ನದಿ, ಬದಲಾಗುತ್ತದೆ, ನೀವು ಅಡ್ಡಗಟ್ಟೆ ಕಟ್ಟುತ್ತೀರಿ’ ಎಂಬ ಮಾತು ಬರುತ್ತದೆ. ಜನ ಆಡಿ ಆಡಿ ಬದಲಾಯಿಸಿದ್ದಾದರೆ ನಾನು ಮೊದಲು ತಲೆಬಾಗುತ್ತೇನೆ. ಬಸ್ಸು, ಟಿಕೆಟು, ಆಸ್ಪತ್ರೆಗಳನ್ನು ಕನ್ನಡ ನುಂಗಿ ಅರಗಿಸಿಕೊಂಡಿತು. ಅವಕ್ಕೆ ನನ್ನ ತಂಟೆಯಿಲ್ಲ. ಆದರೆ ‘ಲಾಗಿದೆ’ಯನ್ನು ಯಾವ ಸಂತೆಯಲ್ಲಿ, ಯಾವ ಬಸ್ಸಿನಲ್ಲಿ, ಯಾವ ಅಡುಗೆಮನೆಯಲ್ಲಿ ಕೇಳಿದ್ದೀರಿ? ಅದು ಮೇಜಿನಿಂದ ಮೇಜಿಗೆ ಹರಿಯುವ ನೀರು. ಜನರ ಕಡೆಗೆ ಬರುವಾಗ ಕಾಗದದ ರೂಪದಲ್ಲಿ ಬರುತ್ತದೆ; ಜನರಿಂದ ಹಿಂದಕ್ಕೆ ಎಂದೂ ಹೋಗುವುದಿಲ್ಲ.

ಮಾಡಬೇಕಾದ ಕೆಲಸ ದೊಡ್ಡದಲ್ಲ, ಸಮಿತಿಯೂ ಬೇಕಿಲ್ಲ. ಬರೆಯುವವರು ಪ್ರತಿಯೊಂದು ‘ಲಾಗಿದೆ’ಯ ಮುಂದೆ ನಿಂತು ‘ಯಾರು?’ ಎಂದು ಕೇಳಿಕೊಳ್ಳಲಿ. ಉತ್ತರ ಗೊತ್ತಿದ್ದರೆ ಬರೆಯಲಿ; ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ’ ಎಂದು ಬರೆಯಲಿ; ಬೇಕಿಲ್ಲದಿದ್ದರೆ ‘ಆಯಿತು’, ‘ನಡೆಯಿತು’ ಎಂಬ ನಮ್ಮ ಮಾತುಗಳಿವೆ. ಕಚೇರಿಯವರು ಜನರಿಗೆ ಬರೆಯುವ ಕಾಗದದಲ್ಲಾದರೂ ‘ನಾನು’, ‘ನಾವು’, ‘ನೀವು’ ಎಂಬ ಮೂರು ಸರ್ವನಾಮಗಳಿಗೆ ಪ್ರವೇಶ ಕೊಡಲಿ. ಪಠ್ಯಪುಸ್ತಕ ಮಾಡುವ ಮಹನೀಯರಲ್ಲಿ ನನ್ನ ಬಿನ್ನಹ ಇನ್ನೊಂದು. ಕರ್ಮಣಿ ಪ್ರಯೋಗವನ್ನು ಪಾಠದಿಂದ ಕಿತ್ತುಹಾಕಬೇಡಿ. ಮಕ್ಕಳಿಗೆ ಅದರ ಗುರುತು ಇರಲೇಬೇಕು. ಪ್ರಶ್ನೆಯನ್ನು ಮಾತ್ರ ತಿರುಗಿಸಿ. ‘ಸೇತುವೆಯ ಕಾಮಗಾರಿಯನ್ನು ಅರ್ಧಕ್ಕೆ ನಿಲ್ಲಿಸಲಾಗಿದೆ’ ಎಂಬ ವಾಕ್ಯ ಕೊಟ್ಟು, ಇದರಲ್ಲಿ ಯಾರ ಹೆಸರು ಬಿಟ್ಟುಹೋಗಿದೆ, ಅದನ್ನು ತಿಳಿಯಲು ಯಾರನ್ನು ಕೇಳುತ್ತೀರಿ ಎಂದು ಪ್ರಶ್ನಿಸಿ. ಆ ಪ್ರಶ್ನೆಗೆ ಸರಿಯಾಗಿ ಉತ್ತರಿಸಿದ ಹುಡುಗಿ ವ್ಯಾಕರಣವನ್ನೂ ಕಲಿತಿರುತ್ತಾಳೆ, ಊರಿನ ಆಡಳಿತವನ್ನೂ ಕಲಿತಿರುತ್ತಾಳೆ. ನಾಳೆ ಅವಳ ಕೈಗೆ ಒಂದು ಕಾಗದ ಬಂದಾಗ ಓದಿಸಿಕೊಳ್ಳಲು ಮೇಷ್ಟರನ್ನು ಹುಡುಕಿಕೊಂಡು ಬರಬೇಕಾಗಿಲ್ಲ.